ಕನ್ನಡ ಮಾಧ್ಯಮದಿಂದ ಬಂದು ಇಂಜಿನಿಯರಿಂಗ್ ಸೇರಿದ್ದೇನೆ, ಕ್ಲಾಸ್ ಅರ್ಥವಾಗುತ್ತಿಲ್ಲ. ಏನು ಮಾಡಲಿ?

ಹಾವೇರಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು. ಹತ್ತನೇ ತರಗತಿ ತನಕ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್ ಮಾಡಿದ್ದು ತಾಲ್ಲೂಕಿನಲ್ಲಿ. ಅಲ್ಲಿ ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷ್‌ನಲ್ಲಿದ್ದರೂ ನಮ್ಮ ಸರ್‌ಗಳು ಪಾಠವನ್ನು ಕನ್ನಡದಲ್ಲೇ ಬಿಡಿಸಿ ಹೇಳುತ್ತಿದ್ದರು. ಸಿಇಟಿಯಲ್ಲಿ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಎರಡೂ ಇತ್ತು. ಈ ವರ್ಷ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು, ಅಟಾನಮಸ್ ಅಲ್ಲ, ಅಂದರೆ ಸಿಲಬಸ್, ಪರೀಕ್ಷೆ ವಿಶ್ವವಿದ್ಯಾಲಯದ್ದೇ.

ಕ್ಲಾಸ್ ಶುರುವಾಗಿ ಕೆಲವು ವಾರ ಆಯಿತು. ಅರ್ಧಕ್ಕರ್ಧ ತಲೆಗೆ ಹೋಗುತ್ತಿಲ್ಲ. ಮೇಡಂ ಮೂರು ಸಾಲು ಹೇಳಿ ಮುಗಿಸಿದಾಗ ನಾನಿನ್ನೂ ಮೊದಲ ಸಾಲಿನಲ್ಲೇ ಇರುತ್ತೇನೆ. ಬೋರ್ಡಿನಲ್ಲಿ ಇದ್ದದ್ದನ್ನು ಹಾಗೇ ಇಳಿಸಿಕೊಳ್ಳುತ್ತೇನೆ. ರಾತ್ರಿ ರೂಮಿನಲ್ಲಿ ತೆಗೆದು ನೋಡಿದರೆ ಅಕ್ಷರ ನನ್ನದೇ, ಆದರೆ ಏನು ಬರೆದಿದ್ದೇನೆ ಅಂತ ಗೊತ್ತಾಗುವುದಿಲ್ಲ. ಬೆಂಚಿನಲ್ಲಿ ಪಕ್ಕದಲ್ಲಿ ಕೂರುವವರು ಪಟಪಟ ಅಂತ ಉತ್ತರ ಕೊಡುತ್ತಾರೆ. ಪಿಯುಸಿಯಲ್ಲಿ ಲೆಕ್ಕ ಬಿಡಿಸಲು ಎಲ್ಲರೂ ನನ್ನ ಹತ್ತಿರ ಬರುತ್ತಿದ್ದರು. ಇಲ್ಲಿ ನಾನು ಬಾಯೇ ಬಿಡುತ್ತಿಲ್ಲ.

ಇನ್ನೇನು ಮೊದಲ ಇಂಟರ್ನಲ್ಸ್ (ಕಾಲೇಜಿನವರೇ ಮಾಡುವ ಟೆಸ್ಟ್) ಬರುತ್ತದೆ. ಸೀಟು ಬಿಟ್ಟು ಊರಿಗೆ ಹೋಗಿ ಬಿಎಸ್ಸಿ ಸೇರಲಾ ಅಂತ ದಿನಾ ಅನ್ನಿಸುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಇದೇ ದಾರಿಯಲ್ಲಿ ಬಂದವರು ಯಾರಾದರೂ ಇದ್ದರೆ ಹೇಳಿ. ಧೈರ್ಯ ಹೇಳಿದರೆ ಸಾಲದು, ನಾಳೆ ಬೆಳಿಗ್ಗೆಯಿಂದ ಏನು ಮಾಡಬೇಕು ಅಂತ ಹೇಳಿ.

ತೀರ್ಥಹಳ್ಳಿ ಮಳೆ

ತಮ್ಮಾ, ನಾನೂ ಹತ್ತನೇ ತನಕ ಕನ್ನಡ ಮಾಧ್ಯಮದವಳೇ. ಈಗ ಮೂರನೇ ವರ್ಷ, ಕಂಪ್ಯೂಟರ್ ಸೈನ್ಸ್. ಮೊದಲ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನಲ್ಲಿ ನಿನ್ನ ಹಾಗೇ ಇದ್ದವರು ಬಹಳ ಜನ. ಇಂಜಿನಿಯರಿಂಗ್ ಬಿಟ್ಟು ಹೋದವರು ಅದರಲ್ಲಿ ತೀರಾ ಕಡಿಮೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೋ. ನಿನಗೆ ಅರ್ಥವಾಗದೇ ಇರುವುದು ಇಂಗ್ಲಿಷಾ, ವಿಷಯವಾ? ಎರಡೂ ಬೇರೆ ಬೇರೆ. ಇವತ್ತು ರಾತ್ರಿ ಗಣಿತದ ನೋಟ್ಸ್‌ನಿಂದ ಒಂದು ಲೆಕ್ಕ ತೆಗೆದುಕೋ. ಮೇಲಿರುವ ಇಂಗ್ಲಿಷ್ ವಾಕ್ಯಗಳನ್ನು ಬಿಡು. ಹಂತಗಳನ್ನು ಮಾತ್ರ ನೋಡು. ಒಂದು ಹಂತದಿಂದ ಇನ್ನೊಂದಕ್ಕೆ ಹೇಗೆ ಬಂತು ಅಂತ ಗೊತ್ತಾದರೆ ನಿನ್ನ ತೊಂದರೆ ಕಿವಿಯದ್ದು, ತಲೆಯದ್ದಲ್ಲ. ಕಿವಿ ಒಂದು ಸೆಮಿಸ್ಟರ್‌ನಲ್ಲಿ ಪಳಗುತ್ತದೆ.

ನಾನು ಮಾಡುತ್ತಿದ್ದದ್ದು ಇಷ್ಟು. ನಾಳೆ ಯಾವ ಟಾಪಿಕ್ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳುತ್ತಿದ್ದೆ. ರಾತ್ರಿ ಅದನ್ನು ಕನ್ನಡದಲ್ಲಿ ಹೇಳಿಕೊಡುವ ವಿಡಿಯೊ ಹುಡುಕಿ ಒಮ್ಮೆ ನೋಡುತ್ತಿದ್ದೆ. ಪೂರ್ತಿ ಅರ್ಥವಾಗಲೇಬೇಕು ಅಂತಿಲ್ಲ. ಸುಮ್ನೆ ಇದು ಯಾವುದರ ಬಗ್ಗೆ ಅಂತ ತಿಳಿದರೂ ಸಾಕು. ಮರುದಿನ ಕ್ಲಾಸಿನಲ್ಲಿ ಅದೇ ಮಾತು ಇಂಗ್ಲಿಷ್‌ನಲ್ಲಿ ಬಂದಾಗ ಮನಸ್ಸು ಆಗಲೇ ಅರ್ಧ ದಾರಿಯಲ್ಲಿರುತ್ತದೆ. ಕ್ಲಾಸ್ ಆದ ಮೇಲೆ ನೋಡುವುದಕ್ಕಿಂತ ಮೊದಲು ನೋಡುವುದೇ ಒಳ್ಳೆಯದು. ಆಮೇಲೆ ನೋಡಿದರೆ ಕ್ಲಾಸಿನ ಒಂದು ಗಂಟೆ ಹೇಗಿದ್ದರೂ ಹೋಗಿಬಿಟ್ಟಿರುತ್ತದೆ.

ಎಐಸಿಟಿಇಯವರ ಇ-ಕುಂಭ್ ಅಂತ ಒಂದು ಪೋರ್ಟಲ್ ಇದೆ. ಅದರಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲೂ ಇವೆ. ನಿನ್ನ ಸಿಲಬಸ್‌ಗೆ ಸಾಲಿಗೆ ಸಾಲು ಹೊಂದುವುದಿಲ್ಲ. ಆದರೆ ಇಂಗ್ಲಿಷ್ ಪುಸ್ತಕದಲ್ಲಿ ಸಿಕ್ಕಿಹಾಕಿಕೊಂಡಾಗ ಪಕ್ಕದಲ್ಲಿ ಇಟ್ಟುಕೊಂಡರೆ ಬಹಳ ಸಹಾಯ ಆಗುತ್ತದೆ.

ರಾಯಚೂರು ಬಿಸಿಲು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಓದು ಮುಗಿಸಿ ಕೆಲಸಕ್ಕೆ ಸೇರಿ ಕೆಲವು ವರ್ಷ ಆಯಿತು. ಕ್ಯಾಂಪಸ್‌ಗೆ ಕಂಪನಿಗಳು ಬಂದಾಗ ಗ್ರೂಪ್ ಡಿಸ್ಕಷನ್, ಇಂಟರ್‌ವ್ಯೂ ಎಲ್ಲ ಇಂಗ್ಲಿಷ್‌ನಲ್ಲೇ. ನಮ್ಮ ಕಡೆಯ ಎಷ್ಟೋ ಹುಡುಗರು ಕೋಡಿಂಗ್ ಟೆಸ್ಟ್ ಪಾಸಾಗಿ ಮಾತಿನ ಹತ್ತಿರ ನಿಂತುಬಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳುತ್ತೇನೆ, ಇವತ್ತಿನಿಂದಲೇ ಕನ್ನಡ ವಿಡಿಯೊ ಬಿಡು. ನಮ್ಮ ಊರಿನವರ ಗುಂಪು ಕಟ್ಟಿಕೊಂಡು ನಾಲ್ಕು ವರ್ಷ ಕನ್ನಡದಲ್ಲೇ ಮಾತಾಡಿಕೊಂಡು ಇರಬೇಡ. ತಪ್ಪೋ ಸರಿಯೋ, ಎಲ್ಲರ ಜೊತೆ ಇಂಗ್ಲಿಷ್‌ನಲ್ಲೇ ಮಾತಾಡು. ಮೊದಲು ನಾಚಿಕೆ ಆಗುತ್ತದೆ, ಆಮೇಲೆ ಬರುತ್ತದೆ.

ತೀರ್ಥಹಳ್ಳಿ ಮಳೆ

ಅಣ್ಣಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಅವನಿಗೆ ಈಗ ಕ್ಯಾಂಪಸ್ ಇಂಟರ್‌ವ್ಯೂ ಇಲ್ಲ, ಇಂಟರ್ನಲ್ಸ್ ಇದೆ. ಮೂರು ವರ್ಷದ ನಂತರದ ಹೆದರಿಕೆಯನ್ನು ಇವತ್ತೇ ತಲೆ ಮೇಲೆ ಹೊರಿಸಿದರೆ ಹುಡುಗ ಇನ್ನಷ್ಟು ಕುಗ್ಗುತ್ತಾನೆ ಅಲ್ವಾ? ವಿಷಯವನ್ನು ಕನ್ನಡದಲ್ಲಿ ತಿಳಿದುಕೊಂಡು ಇಂಗ್ಲಿಷ್‌ನಲ್ಲಿ ಬರೆಯಲಿ. ಮಾತು ಬೇರೆ ಕಡೆ ಕಲಿಯಲಿ. ಎರಡನ್ನೂ ಒಂದೇ ಸಲ ಹಿಡಿಯಲು ಹೋಗಿ ಯಾವುದೂ ಸಿಗದೇ ಒದ್ದಾಡುವವರನ್ನು ನಾನು ಜಾಸ್ತಿ ನೋಡಿದ್ದೇನೆ.

ಚಾಕ್‌ಪೀಸ್

ನಾನು ವಿಟಿಯು ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಗಣಿತ ಹೇಳುತ್ತೇನೆ. ಉತ್ತರ ಪತ್ರಿಕೆ ತಿದ್ದುವ ಕೆಲಸವೂ ಇದೆ. ಆ ಕಡೆಯಿಂದ ಒಂದಿಷ್ಟು ಹೇಳುತ್ತೇನೆ. ಹೊಸದಾಗಿ ಬಂದ ಮಕ್ಕಳಿಗೆ ಆಟದ ನಿಯಮವೇ ಗೊತ್ತಿರುವುದಿಲ್ಲ. ಕಾಲೇಜಿನವರು ಮೊದಲ ದಿನಗಳಲ್ಲಿ ಹೇಳಿರುತ್ತಾರೆ. ಆದರೆ ಆ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಿರುವುದಿಲ್ಲ.

2022ರ ಸ್ಕೀಮ್‌ನ (ಆ ವರ್ಷ ಬಂದ ಪಠ್ಯಕ್ರಮದ) ಲೆಕ್ಕ ಹೇಳುತ್ತೇನೆ. ನಿಮ್ಮ ಬ್ಯಾಚಿಗೆ ಬೇರೆ ಸ್ಕೀಮ್ ಇದ್ದರೆ ಸಿಲಬಸ್ ಜೊತೆಗೆ ಮೌಲ್ಯಮಾಪನದ ನಿಯಮ ಇರುತ್ತದೆ, ಅದನ್ನು ಇವತ್ತೇ ಓದಿ. ಪ್ರತಿ ವಿಷಯಕ್ಕೆ 100 ಅಂಕ. ಅದರಲ್ಲಿ 50 ಕಾಲೇಜಿನ ಒಳಗೇ ಬರುತ್ತದೆ. ಇಂಟರ್ನಲ್ಸ್, ಅಸೈನ್‌ಮೆಂಟ್, ಲ್ಯಾಬ್ ಇರುವ ವಿಷಯವಾದರೆ ಲ್ಯಾಬ್ ಸೇರಿ. ಅದನ್ನು ಸಿಐಇ ಅನ್ನುತ್ತೇವೆ. ಅದರಲ್ಲಿ ಕನಿಷ್ಠ 20 ಬರಲೇಬೇಕು. ಬರದಿದ್ದರೆ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಕೊನೆಯ ಪರೀಕ್ಷೆ 100 ಅಂಕಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಅದರಲ್ಲಿ 100ಕ್ಕೆ 35 ಬೇಕು. ಎರಡೂ ಸೇರಿ 100ಕ್ಕೆ ಕನಿಷ್ಠ 40 ಬರಬೇಕು.

ಈಗ ಪ್ರಶ್ನೆಪತ್ರಿಕೆ ನೋಡಿ. ಐದು ಮಾಡ್ಯೂಲ್, ಅಂದರೆ ಸಿಲಬಸ್ಸಿನ ಐದು ಭಾಗ. ಒಂದೊಂದು ಮಾಡ್ಯೂಲಿನಿಂದ ಎರಡು ಪೂರ್ಣ ಪ್ರಶ್ನೆ, ಒಂದನ್ನು ಬರೆದರೆ ಸಾಕು, 20 ಅಂಕ. ಅಂದರೆ ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ ಸೀದಾ 20 ಅಂಕ ಹೋಗುತ್ತದೆ, ಬೇರೆ ಮಾಡ್ಯೂಲಿನಲ್ಲಿ ಜಾಸ್ತಿ ಬರೆದು ತುಂಬಿಸಲು ಆಗುವುದಿಲ್ಲ. ಪಿಯುಸಿಯಲ್ಲಿ ಪಾಠ ಆರಿಸಿ ಓದಿ ಅಭ್ಯಾಸವಾದವರಿಗೆ ಇದೇ ಮೊದಲ ಪೆಟ್ಟು. ಐದನ್ನೂ ಸ್ವಲ್ಪ ಸ್ವಲ್ಪವಾದರೂ ಮುಟ್ಟಬೇಕು.

ನನ್ನ ವಿಷಯದ್ದೇ ಹೇಳುವುದಾದರೆ, ಮೊದಲ ಸೆಮಿಸ್ಟರ್ ಗಣಿತದ ಐದನೇ ಮಾಡ್ಯೂಲ್ ಲೀನಿಯರ್ ಆಲ್ಜಿಬ್ರಾ. ಮ್ಯಾಟ್ರಿಕ್ಸಿನ ರ್‍ಯಾಂಕ್ ಕಂಡುಹಿಡಿಯುವುದು, ಗಾಸ್ ಎಲಿಮಿನೇಶನ್. ಅದರಲ್ಲಿ ಇಂಗ್ಲಿಷ್ ಅನ್ನುವುದೇ ಇಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು ಅಷ್ಟೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ನಾನು ಮೊದಲು ಅದನ್ನೇ ಹಿಡಿಯಲು ಹೇಳುತ್ತೇನೆ. ಒಂದು ಮಾಡ್ಯೂಲ್ ಪೂರ್ತಿ ಕೈಗೆ ಬಂತು ಅಂದರೆ ಮುಖವೇ ಬದಲಾಗುತ್ತದೆ. ಆಮೇಲೆ ಉಳಿದ ನಾಲ್ಕಕ್ಕೆ ಕೂರುವ ಉತ್ಸಾಹ ಬರುತ್ತದೆ.

ಇನ್ನು ಹಾಜರಿ. 85 ಪರ್ಸೆಂಟ್ ಬೇಕು. ಕಾಯಿಲೆಯಂಥ ಸರಿಯಾದ ಕಾರಣ ಇದ್ದು ದಾಖಲೆ ಕೊಟ್ಟರೆ 75ರ ತನಕ ರಿಯಾಯಿತಿ ಇದೆ. ಅದೇನೂ ಹಕ್ಕಲ್ಲ, ಕೇಳಿಕೊಳ್ಳಬೇಕಾದದ್ದು. ಅರ್ಥವಾಗುತ್ತಿಲ್ಲ ಅಂತ ಕ್ಲಾಸ್ ಬಿಟ್ಟು ರೂಮಿನಲ್ಲಿ ಕೂರುವವರು ಮೊದಲು ಬೀಳುವುದು ಈ ಹಳ್ಳಕ್ಕೇ.

ಹಾವೇರಿ ಹುಡುಗ

ಸರ್, ತುಂಬಾ ಧನ್ಯವಾದ. ಐದು ಮಾಡ್ಯೂಲಿನ ಲೆಕ್ಕ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಕ್ಕಾ, ನೀವು ಹೇಳಿದ ಹಾಗೆ ರಾತ್ರಿ ಒಂದು ಲೆಕ್ಕ ತೆಗೆದು ನೋಡಿದೆ. ಹಂತಗಳು ಗೊತ್ತಾದವು. ಹಾಗಾದರೆ ಗಣಿತದ ಭಯ ಸ್ವಲ್ಪ ಕಡಿಮೆ. ಆದರೆ ಎಲೆಕ್ಟ್ರಾನಿಕ್ಸ್‌ನಲ್ಲಿ ವಿವರಿಸಿ ಅಂತ ಕೇಳುತ್ತಾರೆ. ವಾಕ್ಯ ಬರೆಯಬೇಕು. ಅಲ್ಲಿ ಏನು ಮಾಡಲಿ? ಪುಸ್ತಕದ ಪ್ಯಾರಾ ಬಾಯಿಪಾಠ ಮಾಡುತ್ತಿದ್ದೇನೆ, ಮರುದಿನ ಮರೆತುಹೋಗುತ್ತದೆ.

ಡಿಪ್ಲೊಮಾ ದಾರಿ

ಬಾಯಿಪಾಠ ನಿಲ್ಲಿಸು ತಮ್ಮಾ. ನಾನು ಡಿಪ್ಲೊಮಾ ಮುಗಿಸಿ ಸೀದಾ ಎರಡನೇ ವರ್ಷಕ್ಕೆ ಸೇರಿದವನು, ಎಲೆಕ್ಟ್ರಾನಿಕ್ಸೇ. ವಾಕ್ಯ ಬರೆಯುವ ಪ್ರಶ್ನೆಗೆ ಚಿತ್ರದಿಂದ ಶುರು ಮಾಡು. ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ.

ಬ್ರಿಡ್ಜ್ ರೆಕ್ಟಿಫೈಯರ್ ವಿವರಿಸಿ ಅಂತ ಬಂತು ಅನ್ನು. ಮೊದಲು ಸರ್ಕ್ಯೂಟ್ ಬಿಡಿಸು. ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಲೋಡ್ ರೆಸಿಸ್ಟರ್. ಡಯೋಡ್‌ಗಳಿಗೆ ಒಂದರಿಂದ ನಾಲ್ಕು ಅಂತ ಹೆಸರು ಹಾಕು. ಬಾಣದ ದಿಕ್ಕು ಸರಿ ಇದೆಯಾ ನೋಡು, ಅಲ್ಲಿ ಒಂದು ಡಯೋಡ್ ತಿರುಗುಮುರುಗಾದರೂ ಪೂರ್ತಿ ಚಿತ್ರ ಕೆಟ್ಟಂತೆ. ಕೆಳಗೆ ಇನ್‌ಪುಟ್ ತರಂಗ, ಅದರ ಕೆಳಗೆ ಔಟ್‌ಪುಟ್ ತರಂಗ ಬರೆ. ಈಗ ಪೆನ್ನು ಕೆಳಗಿಟ್ಟು ಕನ್ನಡದಲ್ಲಿ ನಿನಗೆ ನೀನೇ ಹೇಳಿಕೋ: ಪಾಸಿಟಿವ್ ಅರ್ಧದಲ್ಲಿ ಎದುರುಬದುರಿನ ಎರಡು ಡಯೋಡ್ ಆನ್ ಆಗುತ್ತವೆ, ಕರೆಂಟ್ ಲೋಡ್ ಮೂಲಕ ಹೀಗೆ ಹೋಗುತ್ತದೆ. ನೆಗೆಟಿವ್ ಅರ್ಧದಲ್ಲಿ ಉಳಿದ ಎರಡು ಆನ್. ಆದರೆ ಲೋಡ್‌ನಲ್ಲಿ ಕರೆಂಟಿನ ದಿಕ್ಕು ಮೊದಲಿನದೇ. ಅದಕ್ಕೇ ಔಟ್‌ಪುಟ್‌ನಲ್ಲಿ ಎರಡೂ ಗುಡ್ಡ ಮೇಲ್ಗಡೆಯೇ ಇವೆ.

ಇಷ್ಟು ತಿಳಿದ ಮೇಲೆ ಇದನ್ನೇ ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆ. ಯಾವ ಅರ್ಧ, ಯಾವ ಡಯೋಡ್ ಆನ್, ಯಾವುದು ಆಫ್, ಕರೆಂಟ್ ಯಾವ ಕಡೆ. ದೊಡ್ಡ ವಾಕ್ಯ ಬೇಡವೇ ಬೇಡ. ಇದು ಮರೆಯುವುದಿಲ್ಲ, ಏಕೆಂದರೆ ನೀನು ಪ್ಯಾರಾ ನೆನಪಿಟ್ಟಿಲ್ಲ, ಚಿತ್ರ ನೆನಪಿಟ್ಟಿದ್ದೀಯ. ಚಿತ್ರ ನೋಡಿದರೆ ವಾಕ್ಯ ತಾನೇ ಬರುತ್ತದೆ.

ಚಾಕ್‌ಪೀಸ್

ಇವರು ಹೇಳಿದ್ದು ನೂರಕ್ಕೆ ನೂರು ನಿಜ. ತಿದ್ದುವಾಗ ನಮ್ಮ ಕೈಯಲ್ಲಿ ಅಂಕ ಹಂಚಿದ ಸ್ಕೀಮ್ ಇರುತ್ತದೆ. ಚಿತ್ರಕ್ಕೆ ಇಷ್ಟು, ತರಂಗಕ್ಕೆ ಇಷ್ಟು, ವಿವರಣೆಗೆ ಇಷ್ಟು. ಗಣಿತದಲ್ಲಾದರೆ ಹಂತ ಹಂತಕ್ಕೂ ಅಂಕ. ಕೊನೆಯ ಉತ್ತರ ತಪ್ಪಿದ್ದರೂ ಮಧ್ಯದ ಹಂತಗಳಿಗೆ ಅಂಕ ಹೋಗುತ್ತದೆ. ವ್ಯಾಕರಣ ತಪ್ಪಿದೆ ಅಂತ ಗಣಿತದಲ್ಲೋ ಎಲೆಕ್ಟ್ರಾನಿಕ್ಸ್‌ನಲ್ಲೋ ಅಂಕ ಕಳೆಯುವುದಿಲ್ಲ. ಖಾಲಿ ಬಿಟ್ಟ ಪುಟಕ್ಕೆ ಮಾತ್ರ ನಾವು ಏನೂ ಕೊಡಲು ಆಗುವುದಿಲ್ಲ. ಗೊತ್ತಿದ್ದೂ ಇಂಗ್ಲಿಷ್ ಬರುವುದಿಲ್ಲ ಅಂತ ಪುಟ ಖಾಲಿ ಬಿಟ್ಟ ಪೇಪರ್ ನೋಡಿದಾಗ ಮನಸ್ಸಿಗೆ ಬಹಳ ಕಷ್ಟ ಆಗುತ್ತದೆ.

ಇನ್ನೊಂದು ಮಾತು. ಕ್ಲಾಸ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬನ್ನಿ. ಮೊದಲ ವರ್ಷದವರು ಸ್ಟಾಫ್ ರೂಮ್ ಬಾಗಿಲಿನ ತನಕ ಬಂದು ವಾಪಸ್ ಹೋಗುತ್ತಾರೆ. ಒಳಗೆ ಬಂದು ಕನ್ನಡದಲ್ಲೇ ಕೇಳಿ. ಕನ್ನಡ ಬರುವ ಯಾವ ಮೇಷ್ಟ್ರೂ ಇಂಗ್ಲಿಷ್‌ನಲ್ಲಿ ಕೇಳು ಅಂತ ವಾಪಸ್ ಕಳಿಸುವುದಿಲ್ಲ. ಬರುವಾಗ ನೋಟ್‌ಬುಕ್ ತನ್ನಿ, ಎಲ್ಲಿ ನಿಂತಿತು ಅಂತ ಬೆರಳಿಟ್ಟು ತೋರಿಸಿ. ಏನೂ ಅರ್ಥವಾಗಿಲ್ಲ ಸರ್ ಅಂದರೆ ನಮಗೆ ಎಲ್ಲಿಂದ ಶುರು ಮಾಡಬೇಕು ತಿಳಿಯುವುದಿಲ್ಲ. ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂತು ಅಂದರೆ ಐದು ನಿಮಿಷದ ಕೆಲಸ.

ದುರ್ಗದ ಅಪ್ಪ

ಓದುತ್ತಾ ಓದುತ್ತಾ ನನ್ನ ಮಗಳ ನೆನಪಾಯಿತು. ನಾನು ಚಿತ್ರದುರ್ಗ ಕಡೆಯ ರೈತ. ಮಗಳು ಈ ವರ್ಷ ಮೈಸೂರಿನಲ್ಲಿ ಡಿಗ್ರಿ ಸೇರಿದ್ದಾಳೆ, ಹಾಸ್ಟೆಲ್‌ನಲ್ಲಿದ್ದಾಳೆ. ದಿನಾ ರಾತ್ರಿ ಫೋನ್ ಮಾಡುತ್ತೇನೆ. ಓದುತ್ತಿದ್ದೀಯಾ, ಟೆಸ್ಟ್ ಯಾವಾಗ, ಎಷ್ಟು ಬಂತು ಅಂತ ಕೇಳುತ್ತೇನೆ. ಮೊದಮೊದಲು ಮಾತಾಡುತ್ತಿದ್ದಳು. ಈಗ ಹೂಂ, ಹೂಂ ಅಂತ ಫೋನ್ ಇಡುತ್ತಾಳೆ. ಹಾವೇರಿಯ ಹುಡುಗನೂ ಅಪ್ಪನಿಗೆ ಹೇಳಿಲ್ಲ ಅಂತ ಬರೆದಿದ್ದಾನೆ. ಮಕ್ಕಳು ಯಾಕೆ ನಮಗೆ ಹೇಳುವುದಿಲ್ಲ? ನಾವು ಏನು ಕೇಳಬೇಕು? ಗೊತ್ತಿದ್ದವರು ಹೇಳಿ.

ಹಾಸ್ಟೆಲ್ ಕಿಟಕಿ

ಅಂಕಲ್, ನಾನೂ ಮೈಸೂರಿನಲ್ಲಿ ಬಿಎ ಎರಡನೇ ವರ್ಷ ಓದುತ್ತಿದ್ದೇನೆ, ಸರ್ಕಾರಿ ಹಾಸ್ಟೆಲ್‌ನಲ್ಲಿದ್ದೇನೆ. ನಿಮ್ಮ ಮಗಳ ಪರವಾಗಿ ಹೇಳುತ್ತೇನೆ ಅಂದುಕೊಳ್ಳಿ.

ನಿಮಗೆ ನೋವಾಗುತ್ತದೆ ಅಂತ ನಾವು ಹೇಳುವುದಿಲ್ಲ. ನೀವು ಸಾಲ ಮಾಡಿಯೋ ಬೆಳೆ ಮಾರಿಯೋ ಕಳಿಸಿರುತ್ತೀರಿ. ಇಲ್ಲಿ ಕಷ್ಟ ಆಗುತ್ತಿದೆ ಅಂದರೆ ನೀವು ಆ ರಾತ್ರಿ ನಿದ್ದೆ ಮಾಡುವುದಿಲ್ಲ ಅಂತ ನಮಗೆ ಗೊತ್ತು. ಅದಕ್ಕೇ ಚೆನ್ನಾಗಿದ್ದೇನೆ ಅಂದುಬಿಡುತ್ತೇವೆ. ದಿನಾ ಟೆಸ್ಟ್ ಬಗ್ಗೆಯೇ ಕೇಳಿದರೆ ಫೋನ್ ಬಂದ ತಕ್ಷಣ ಎದೆ ಡವಡವ ಅನ್ನುತ್ತದೆ.

ನೀವೇ ಮೊದಲು ಊರಿನ ಸುದ್ದಿ ಹೇಳಿ ಅಂಕಲ್. ಮಳೆ ಬಂತಾ, ಎಮ್ಮೆ ಕರು ಹಾಕಿತಾ, ಪಕ್ಕದ ಮನೆಯವರ ಜಗಳ ಎಲ್ಲಿಗೆ ಬಂತು. ಆಮೇಲೆ ಮೆಸ್ಸಿನಲ್ಲಿ ಇವತ್ತು ಏನು ಸಾರು, ರೂಮಿನವರು ಹೇಗಿದ್ದಾರೆ ಅಂತ ಕೇಳಿ. ಹತ್ತು ನಿಮಿಷ ಇಂಥದ್ದು ಮಾತಾಡಿದ ಮೇಲೆ ಓದಿನ ಮಾತು ಅವಳೇ ತೆಗೆಯುತ್ತಾಳೆ. ನನ್ನ ಅಮ್ಮ ಓದಿದವರಲ್ಲ, ನನ್ನ ವಿಷಯಗಳ ಹೆಸರೂ ಅವರಿಗೆ ಗೊತ್ತಿಲ್ಲ. ಆದರೂ ನಾನು ಎಲ್ಲ ಹೇಳುವುದು ಅವರಿಗೇ, ಏಕೆಂದರೆ ಅವರು ಎಷ್ಟು ಬಂತು ಅಂತ ಕೇಳುವುದಿಲ್ಲ.

ಒಂದು ಮಾತನ್ನು ಮಾತ್ರ ಅವಳಿಗೆ ಬಾಯಿಬಿಟ್ಟು ಹೇಳಿ. ಒಂದು ವಿಷಯ ಹೋದರೂ ಮನೆಗೆ ಬರಬಹುದು, ನಾವು ಬೈಯುವುದಿಲ್ಲ ಅಂತ. ಅದು ಗೊತ್ತಿದ್ದರೆ ಮಕ್ಕಳು ಮುಚ್ಚಿಡುವುದಿಲ್ಲ.

ದುರ್ಗದ ಅಪ್ಪ

ಆಯಿತಮ್ಮ. ಇವತ್ತು ಹಾಗೇ ಮಾತಾಡುತ್ತೇನೆ. ದೇವರು ನಿನಗೆ ಒಳ್ಳೆಯದು ಮಾಡಲಿ.

ಹಾಸ್ಟೆಲ್ ಕಿಟಕಿ

ಹಾಗೇ ಹಾವೇರಿ ಅಣ್ಣನಿಗೆ ಒಂದೆರಡು ಮಾತು. ಪ್ರತಿ ಶುಕ್ರವಾರ ರಾತ್ರಿ ಊರಿಗೆ ಹೊರಡುವ ಅಭ್ಯಾಸ ಬೇಡ. ಬೆಂಗಳೂರಿನಿಂದ ಹಾವೇರಿಗೆ ರಾಣಿ ಚೆನ್ನಮ್ಮ ರೈಲು ಇದೆ, ರಾತ್ರಿ ಹತ್ತಿದರೆ ಬೆಳಿಗ್ಗೆ ಊರು, ಸುಲಭ ಅನ್ನಿಸುತ್ತದೆ. ಆದರೆ ಹೊಸ ಜಾಗ ನಮ್ಮದು ಅನ್ನಿಸುವುದೇ ಶನಿವಾರ, ಭಾನುವಾರ. ಬಟ್ಟೆ ಒಗೆಯುವುದು, ರೂಮಿನವರ ಜೊತೆ ಹೊರಗೆ ಹೋಗಿ ತಿನ್ನುವುದು, ಲೈಬ್ರರಿಯಲ್ಲಿ ಸುಮ್ನೆ ಕೂರುವುದು, ಇದೆಲ್ಲ ಆ ಎರಡು ದಿನದಲ್ಲೇ ನಡೆಯುತ್ತದೆ. ಪ್ರತಿ ವಾರ ಹೋಗುವವರಿಗೆ ಕಾಲೇಜು ಯಾವಾಗಲೂ ಬೇರೆಯವರ ಮನೆಯ ಹಾಗೇ ಉಳಿಯುತ್ತದೆ. ಹಬ್ಬಕ್ಕೆ ಹೋಗಿ. ಬರುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬನ್ನಿ, ರೂಮಿನವರಿಗೂ ಆಗುತ್ತದೆ.

ಸ್ಕಾಲರ್‌ಶಿಪ್ ಅರ್ಜಿ ಹಾಕಿದ್ದೀರಾ? ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ನಮ್ಮ ಹಾಸ್ಟೆಲ್‌ನಲ್ಲಿ ಹಣ ಬರದೇ ನಿಂತವರಲ್ಲಿ ಜಾಸ್ತಿ ಜನರ ತೊಂದರೆ ಒಂದೇ: ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿರುತ್ತಾರೆ, ಆದರೆ ಎನ್‌ಪಿಸಿಐ ಜೋಡಣೆ (ಸರ್ಕಾರದ ಹಣ ಆಧಾರ್ ಮೂಲಕ ಖಾತೆಗೆ ಬೀಳುವಂತೆ ಮಾಡುವುದು) ಆಗಿರುವುದಿಲ್ಲ. ಬ್ಯಾಂಕಿಗೆ ಹೋಗಿ ಆ ಹೆಸರು ಹೇಳಿಯೇ ಕೇಳಬೇಕು. ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ಹಾಸ್ಟೆಲ್ ಸಿಗದೇ ಇದ್ದರೆ ವಿದ್ಯಾಸಿರಿ ಇದೆ, ಊಟ ವಸತಿಗೆ ತಿಂಗಳಿಗೆ ಇಷ್ಟು ಅಂತ ಬರುತ್ತದೆ. ಕೊನೆಯ ದಿನಾಂಕದ ತನಕ ಕಾಯಬೇಡಿ, ಆಗ ಸರ್ವರ್ ಓಡುವುದಿಲ್ಲ.

ಹಾವೇರಿ ಹುಡುಗ

ಎಸ್‌ಎಸ್‌ಪಿ ಹಾಕಿದ್ದೇನೆ. ಎನ್‌ಪಿಸಿಐ ವಿಷಯ ನಾಳೆಯೇ ಬ್ಯಾಂಕಿನಲ್ಲಿ ಕೇಳುತ್ತೇನೆ.

ಇನ್ನೊಂದು ಕೇಳಬೇಕಿತ್ತು. ನಮ್ಮ ಪಿಜಿಯಲ್ಲಿ ಪಕ್ಕದ ರೂಮಿನ ಹುಡುಗ, ಅವನೂ ಮೊದಲ ವರ್ಷವೇ. ಕೆಲವು ದಿನದಿಂದ ಕ್ಲಾಸಿಗೆ ಬರುತ್ತಿಲ್ಲ. ಊಟಕ್ಕೂ ಇಳಿಯುವುದಿಲ್ಲ, ಮಲಗಿಯೇ ಇರುತ್ತಾನೆ. ಕೇಳಿದರೆ ಏನಿಲ್ಲ ಅನ್ನುತ್ತಾನೆ. ಸೀನಿಯರ್‌ಗಳು ಏನಾದರೂ ಮಾಡಿದರಾ, ಮನೆಯ ನೆನಪಾ, ಗೊತ್ತಾಗುತ್ತಿಲ್ಲ. ನಾನು ಏನಾದರೂ ಮಾಡಬಹುದಾ?

ಚಾಕ್‌ಪೀಸ್

ಇದನ್ನು ತಡ ಮಾಡಬೇಡ. ಇವತ್ತು ರಾತ್ರಿ ಊಟದ ತಟ್ಟೆ ಹಿಡಿದುಕೊಂಡು ಅವನ ರೂಮಿಗೆ ಹೋಗು, ಜೊತೆಗೆ ಕೂತು ತಿನ್ನು. ಬುದ್ಧಿ ಹೇಳಬೇಡ, ಸುಮ್ನೆ ಕೂರು. ನಾಳೆ ನಿಮ್ಮ ಮೆಂಟರ್ ಮೇಷ್ಟ್ರಿಗೆ ತಿಳಿಸು. ಮೊದಲ ವರ್ಷದವರಿಗೆ ಒಬ್ಬ ಮೆಂಟರ್ ಇದ್ದೇ ಇರುತ್ತಾರೆ. ಚಾಡಿ ಹೇಳಿದ ಹಾಗಾಗುತ್ತದೆ ಅಂತ ಹಿಂಜರಿಯಬೇಡ.

ಟೆಲಿ ಮಾನಸ್ ಅಂತ ಕೇಂದ್ರ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರಲ್ಲಿ ಶುರುವಾದದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಅವನು ಮಾತಾಡಲು ಒಪ್ಪದಿದ್ದರೆ ನೀನೇ ಫೋನ್ ಮಾಡಿ ಸ್ನೇಹಿತ ಹೀಗಿದ್ದಾನೆ, ಏನು ಮಾಡಲಿ ಅಂತ ಕೇಳಬಹುದು. ಸಾಯುವ ಮಾತೇನಾದರೂ ಆಡಿದರೆ ಅವನನ್ನು ಒಬ್ಬನನ್ನೇ ಬಿಡಬೇಡ, ತಕ್ಷಣ ಮನೆಯವರಿಗೂ ಕಾಲೇಜಿಗೂ ತಿಳಿಸು.

ರ್‍ಯಾಗಿಂಗ್ ಅಂತ ಗೊತ್ತಾದರೆ 1800-180-5522ಕ್ಕೆ ಫೋನ್ ಮಾಡಿ. ಅದು ರ್‍ಯಾಗಿಂಗ್ ತಡೆಗೇ ಇರುವ ರಾಷ್ಟ್ರೀಯ ಸಹಾಯವಾಣಿ. ಅಡ್ಮಿಷನ್ ಸಮಯದಲ್ಲಿ ನಿಮ್ಮಿಂದ, ನಿಮ್ಮ ಅಪ್ಪ ಅಮ್ಮನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡಿದ್ದು ನೆನಪಿದೆಯಾ? ಯುಜಿಸಿಯ 2009ರ ನಿಯಮದಂತೆ ಬರೆಸಿಕೊಳ್ಳುವುದು ಅದು. ಆ ಕಾಗದಕ್ಕೆ ಬೆಲೆ ಇದೆ.

ಡಿಪ್ಲೊಮಾ ದಾರಿ

ತಮ್ಮಾ, ನೀನು ನಿನ್ನ ಕಷ್ಟದ ಮಧ್ಯೆಯೂ ಅವನ ಬಗ್ಗೆ ಯೋಚಿಸಿದ್ದು ನೋಡಿ ತುಂಬಾ ಸಂತೋಷ ಆಯಿತು. ಏನಾಯಿತು ಅಂತ ಇಲ್ಲಿ ಹೇಳು.

ತೀರ್ಥಹಳ್ಳಿ ಮಳೆ

ನಾನು ಮಾತು ಕಲಿಯುವುದನ್ನು ಬೇರೆ ಕಡೆ ಮಾಡಲಿ ಅಂದಿದ್ದೆ. ರಾಯಚೂರು ಅಣ್ಣ ಎಲ್ಲಿ ಅಂತ ಕೇಳಬಹುದು. ಒಂದು ಉಪಾಯ ಇದೆ, ನಮ್ಮ ಕ್ಲಾಸಿನಲ್ಲಿ ಚೆನ್ನಾಗಿ ನಡೆಯಿತು.

ಮೊದಲ ವರ್ಷದಲ್ಲಿ ನಮಗೆ ಸಾಂಸ್ಕೃತಿಕ ಕನ್ನಡ ಇತ್ತು. ಕನ್ನಡ ಬಾರದವರಿಗೆ ಬಳಕೆ ಕನ್ನಡ. ಒಂದೇ ಕ್ರೆಡಿಟ್, ಆದರೆ ಪಾಸಾಗಲೇಬೇಕು. ಹೊರ ರಾಜ್ಯದವರಿಗೆ ಅದು ದೊಡ್ಡ ತಲೆನೋವು. ನಿನ್ನ ಕ್ಲಾಸಿನಲ್ಲಿ ಅಂಥವರು ಇದ್ದರೆ ಹೋಗಿ ಮಾತಾಡಿಸು. ನೀನು ಅವರಿಗೆ ಬಳಕೆ ಕನ್ನಡ ಹೇಳಿಕೊಡು, ಅಂಗಡಿಯಲ್ಲಿ, ಆಟೊದಲ್ಲಿ, ಪಿಜಿ ಆಂಟಿಯ ಹತ್ತಿರ ಹೇಗೆ ಮಾತಾಡಬೇಕು ಅಂತ. ಅವರು ನಿನ್ನ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡಲಿ. ಹೇಳಿಕೊಡುವವನು ನೀನೇ ಆದಾಗ ನಾಚಿಕೆ ಇರುವುದಿಲ್ಲ. ನಿನ್ನ ಮಾತೃಭಾಷೆ ಅಲ್ಲಿ ಅವರಿಗೆ ಬೇಕಾದ ವಸ್ತು.

ರಾಯಚೂರು ಬಿಸಿಲು

ಇದು ನನಗೆ ಹೊಳೆದಿರಲಿಲ್ಲ ತಂಗಿ, ಒಳ್ಳೆಯ ದಾರಿ. ಒಪ್ಪಿದೆ. ನನ್ನದು ಒಂದೇ ಬೇಡಿಕೆ, ಇಂಗ್ಲಿಷ್ ಮಾತಾಡುವುದನ್ನು ಮೂರನೇ ವರ್ಷಕ್ಕೆ ಮುಂದೂಡಬೇಡ. ಈಗಲೇ ದಿನಕ್ಕೆ ಹತ್ತು ನಿಮಿಷವಾದರೂ ಮಾತಾಡು. ಕಾಲೇಜಿನಲ್ಲಿ ಕನ್ನಡ ಸಂಘ ಇದ್ದರೆ ಅದಕ್ಕೂ ಸೇರು. ನವೆಂಬರ್‌ನಲ್ಲಿ ರಾಜ್ಯೋತ್ಸವದ ಕೆಲಸ ಇರುತ್ತದೆ, ಬೇರೆ ಬ್ರಾಂಚಿನ ಸೀನಿಯರ್‌ಗಳ ಪರಿಚಯ ಅಲ್ಲೇ ಆಗುವುದು. ಹಳೆಯ ಪ್ರಶ್ನೆಪತ್ರಿಕೆ, ನೋಟ್ಸ್, ಯಾವ ಮೇಷ್ಟ್ರು ಏನು ಕೇಳುತ್ತಾರೆ, ಎಲ್ಲ ಅವರ ಹತ್ತಿರ ಸಿಗುತ್ತದೆ. ಗುಂಪು ಕಟ್ಟಿಕೊಳ್ಳಬೇಡ ಅಂದಿದ್ದೆ. ಅದರ ಅರ್ಥ ಅದರೊಳಗೇ ಬಾಗಿಲು ಹಾಕಿಕೊಂಡು ಕೂರಬೇಡ ಅಂತ ಅಷ್ಟೆ.

ಹಾವೇರಿ ಹುಡುಗ

ಎಲ್ಲರಿಗೂ ಮತ್ತೆ ನಮಸ್ಕಾರ. ಇಂಟರ್ನಲ್ಸ್ ಮುಗಿಯಿತು, ಪೇಪರ್‌ಗಳು ಬಂದವು. ಗಣಿತದಲ್ಲಿ ಚೆನ್ನಾಗಿ ಬಂದಿದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಪಾಸು. ಬ್ರಿಡ್ಜ್ ರೆಕ್ಟಿಫೈಯರ್ ಬರಲಿಲ್ಲ, ಹಾಫ್ ವೇವ್ ಬಂತು. ಚಿತ್ರದಿಂದಲೇ ಶುರು ಮಾಡಿದೆ, ಆ ಪ್ರಶ್ನೆಗೆ ಅಂಕ ಸಿಕ್ಕಿದೆ. ಫಿಸಿಕ್ಸ್‌ನಲ್ಲಿ ಕಡಿಮೆ ಇದೆ, ಮುಂದಿನ ಟೆಸ್ಟಿನಲ್ಲಿ ಎತ್ತಬೇಕು. ಆ ಮೇಡಂಗೆ ಕನ್ನಡ ಬರುವುದಿಲ್ಲ, ಆದರೂ ಸ್ಟಾಫ್ ರೂಮಿಗೆ ಹೋಗಿ ಬೆರಳಿಟ್ಟು ತೋರಿಸಿದೆ. ಚಿತ್ರ ಬರೆದು ಹೇಳಿಕೊಟ್ಟರು.

ಪಕ್ಕದ ರೂಮಿನ ಹುಡುಗನ ಅಣ್ಣ ಬಂದು ಅವನನ್ನು ಊರಿಗೆ ಕರೆದುಕೊಂಡು ಹೋಗಿದ್ದಾರೆ. ಮೆಂಟರ್ ಸರ್ ಅವರೇ ಮನೆಗೆ ಫೋನ್ ಮಾಡಿ ಮಾತಾಡಿದರು. ಡಾಕ್ಟರ್ ಹತ್ತಿರ ತೋರಿಸುತ್ತಿದ್ದಾರಂತೆ. ದಿನಾ ಮೆಸೇಜ್ ಮಾಡುತ್ತೇನೆ, ಒಮ್ಮೊಮ್ಮೆ ಉತ್ತರ ಬರುತ್ತದೆ.

ಬಳಕೆ ಕನ್ನಡದ್ದು ಶುರು ಮಾಡಿದೆ. ಜಾರ್ಖಂಡ್‌ನವನು ಒಬ್ಬ ಇದ್ದಾನೆ. ಅವನು ಓದಿದ್ದೂ ಹಿಂದಿ ಮಾಧ್ಯಮವಂತೆ! ಕ್ಲಾಸಿನಲ್ಲಿ ಅವನಿಗೂ ಅರ್ಧ ಅರ್ಥವಾಗುತ್ತಿರಲಿಲ್ಲವಂತೆ. ಇಷ್ಟು ದಿನ ಒಂದೇ ಸಾಲಿನಲ್ಲಿ ಕೂತಿದ್ದೆವು, ಇಬ್ಬರಿಗೂ ಗೊತ್ತಿರಲಿಲ್ಲ. ಈಗ ಸಂಜೆ ಜೊತೆಗೆ ಕೂರುತ್ತೇವೆ. ಇಬ್ಬರ ಇಂಗ್ಲಿಷೂ ಹರಕುಮುರುಕು, ಆದರೆ ಮಾತಂತೂ ನಡೆಯುತ್ತದೆ.

ಅಪ್ಪನಿಗೆ ಹೇಳಿದೆ. ಬಿಎಸ್ಸಿ ಯೋಚನೆ ಬಂದಿತ್ತು ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ವರ್ಷ ನೋಡು, ಆಮೇಲೂ ಆಗಲಿಲ್ಲ ಅಂದರೆ ಇಬ್ಬರೂ ಕೂತು ಯೋಚನೆ ಮಾಡೋಣ ಅಂದರು.

ಸರ್, ಒಂದು ಪ್ರಶ್ನೆ ಉಳಿದಿದೆ. ಮುಂದೆ ಲ್ಯಾಬ್ ಪರೀಕ್ಷೆ ಇದೆ. ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆಯಲ್ಲಿ) ಉತ್ತರ ಗೊತ್ತಿದ್ದೂ ಇಂಗ್ಲಿಷ್ ಬರದೇ ನಿಂತುಬಿಟ್ಟರೆ ಏನು ಮಾಡಲಿ?

ಚಾಕ್‌ಪೀಸ್

ಒಳ್ಳೆಯ ಸುದ್ದಿ ಕಣಪ್ಪ. ಆ ಹುಡುಗನಿಗೆ ಮೆಸೇಜ್ ಮಾಡುವುದನ್ನು ನಿಲ್ಲಿಸಬೇಡ.

ವೈವಾಕ್ಕೆ ಬರುವವರಲ್ಲಿ ಜಾಸ್ತಿ ಜನ ನಮ್ಮ ಹಾಗೇ ಪಾಠ ಮಾಡುವವರು. ಸರ್, ಉತ್ತರ ಗೊತ್ತು, ಬರೆದು ತೋರಿಸುತ್ತೇನೆ ಅಂತ ಕೇಳು. ಬಿಳಿ ಹಾಳೆಯಲ್ಲಿ ಸರ್ಕ್ಯೂಟ್ ಬರೆದು, ಸೂತ್ರ ಬರೆದು ತೋರಿಸು. ಕನ್ನಡದಲ್ಲಿ ಹೇಳಲಾ ಅಂತಲೂ ಕೇಳಬಹುದು, ಬಿಡುವುದು ಬಿಡದಿರುವುದು ಕೂತವರಿಗೆ ಸೇರಿದ್ದು. ಕೇಳಿದ್ದಕ್ಕೆ ಅಂಕ ಕಳೆಯುವುದಿಲ್ಲ. ಬಾಯಿ ಮುಚ್ಚಿ ನಿಂತರೆ ಗೊತ್ತಿದೆಯೋ ಇಲ್ಲವೋ ಅವರಿಗೆ ತಿಳಿಯುವುದಾದರೂ ಹೇಗೆ?

ಮೊದಲೇ ಮಾಡಿಕೊಳ್ಳಬೇಕಾದ ಕೆಲಸವೂ ಇದೆ. ಪ್ರತಿ ಪ್ರಯೋಗಕ್ಕೆ ಉದ್ದೇಶ ಏನು, ಯಾವ ಉಪಕರಣ, ಯಾವ ತತ್ವ, ರೀಡಿಂಗ್ ತಪ್ಪಿದರೆ ಕಾರಣ ಏನಿರಬಹುದು, ಇಷ್ಟಕ್ಕೆ ಒಂದೊಂದು ಸಣ್ಣ ಇಂಗ್ಲಿಷ್ ವಾಕ್ಯ ಬರೆದಿಟ್ಟುಕೋ. ಜಾರ್ಖಂಡ್ ಹುಡುಗ ಕೇಳಲಿ, ನೀನು ಹೇಳು. ಆಮೇಲೆ ನೀನು ಕೇಳು, ಅವನು ಹೇಳಲಿ. ರೆಕಾರ್ಡ್ ಬುಕ್ ಪ್ರತಿ ವಾರ ಸಹಿ ಮಾಡಿಸಿಕೋ, ಕೊನೆಯಲ್ಲಿ ಒಟ್ಟಿಗೆ ಬರೆಯಲು ಕೂತರೆ ಓದಲು ಸಮಯ ಸಿಗುವುದಿಲ್ಲ. ಫಿಸಿಕ್ಸ್ ಯಾವ ಮಾಡ್ಯೂಲಿನಲ್ಲಿ ಅಂಕ ಹೋಯಿತು ಅಂತ ಪೇಪರ್ ನೋಡಿ ಇಲ್ಲಿ ಬರೆ, ನಮ್ಮ ಕಾಲೇಜಿನ ಫಿಸಿಕ್ಸ್ ಮೇಡಂ ಹತ್ತಿರ ಕೇಳಿ ಹೇಳುತ್ತೇನೆ.